ಹತ್ತನೇ ಹಂದಿಯ ಲೆಕ್ಕ: ಕಾರಟಗಿಯ ಶೆಡ್ಡಿನಲ್ಲಿ ಕಟ್ಟಿದ ಅಳತೆಯ ಸೆಟ್

ಈ ಸೆಟ್ ಕಟ್ಟಿದ್ದು ಒಂದೇ ಪ್ರಶ್ನೆಗಾಗಿ. ಒಂದು ಕೋಣೆಯಲ್ಲಿ ಹತ್ತು ಹಂದಿ ಇವೆ. ಮಿಕ್ಕ ಒಂಬತ್ತರ ಕಾಟದಲ್ಲಿ ಬದುಕುವ ಆ ಹತ್ತನೆಯದು ಯಾವುದು? ಅದಕ್ಕೆ ಏನಾಗುತ್ತಿದೆ?

ಕಾರಟಗಿ ಹತ್ತಿರ ನಮ್ಮ ಸೋದರಮಾವನ ಹಂದಿ ಸಾಕಣೆ ಇದೆ. ಯಾರ್ಕ್‌ಶೈರ್ ಮಿಶ್ರತಳಿ. ಗಂಗಾವತಿ ಸುತ್ತ ಅಕ್ಕಿ ಗಿರಣಿಗಳು ಬೇಕಾದಷ್ಟು ಇರುವುದರಿಂದ ತೌಡು, ನುಚ್ಚಿಗೆ ಕೊರತೆ ಇಲ್ಲ. ಅದಕ್ಕೆ ಮೆಕ್ಕೆಜೋಳ, ಶೇಂಗಾ ಹಿಂಡಿ ಸೇರಿಸಿ ಹಾಕುತ್ತಾರೆ. ಲಸಿಕೆ, ಜಂತಿನ ಔಷಧಿ ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತದೆ. ಆದರೂ ಪ್ರತಿ ಬ್ಯಾಚಿನಲ್ಲಿ ಒಂದೆರಡು ಹಂದಿ ಸೊರಗುತ್ತಿದ್ದವು. ಪಶು ವೈದ್ಯರು ನೋಡಿ, ರೋಗ ಏನೂ ಇಲ್ಲ ಅಂದರು. ಕೋಣೆಯ ಸರಾಸರಿ ತೂಕ ನೋಡಿದರೂ ಎಲ್ಲ ಸರಿ ಇದೆ ಅನಿಸುತ್ತಿತ್ತು. ಒಂಬತ್ತು ಚೆನ್ನಾಗಿ ಬೆಳೆದರೆ ಸರಾಸರಿಯೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಶೆಡ್ ನೋಡಿಕೊಳ್ಳುವ ಅಕ್ಕನಿಗೆ ಮಾತ್ರ ವಿಷಯ ಮೊದಲೇ ಗೊತ್ತಿತ್ತು. "ಎಲ್ಲಾವು ಉಂಡು ಮಲಗಿದ ಮ್ಯಾಲ ಬರ್ತೈತಿ ನೋಡು ತಮ್ಮಾ ಅದು. ಅಲ್ಲೀತನಕ ಮೂಲ್ಯಾಗ ನಿಂತಿರ್ತೈತಿ" ಅಂದರು. ಅವರು ಕಣ್ಣಿಂದ ನೋಡಿದ್ದನ್ನು ಅಂಕಿಯಾಗಿ ಬರೆದಿಡುವುದೇ ನಮ್ಮ ಕೆಲಸವಾಯಿತು. ಹಾಗಾಗಿ ಶುರುವಿನಲ್ಲೇ ಒಂದು ನಿಯಮ ಮಾಡಿಕೊಂಡೆವು. ಏನೇ ಅಳೆದರೂ ಅದು ಯಾವ ಹಂದಿಯದ್ದು ಅಂತ ಗೊತ್ತಾಗಬೇಕು. ಕೋಣೆಯ ಒಟ್ಟು ಲೆಕ್ಕ ಕೊಡುವ ಯಾವ ಸಾಧನವೂ ಬೇಡ.

ಕಟ್ಟುವ ಮುಂಚೆ ವಿಷಯ ಸ್ವಲ್ಪ ತಿಳಿದಿರಬೇಕು. ಹುಟ್ಟಿದ ಮೊದಲ ಕೆಲವು ದಿನಗಳಲ್ಲೇ ಮರಿಗಳು ತಾಯಿಯ ಯಾವ ಮೊಲೆ ಯಾರದ್ದು ಅಂತ ಕಿತ್ತಾಡಿ ತೀರ್ಮಾನ ಮಾಡಿಕೊಳ್ಳುತ್ತವೆ. ಮುಂದೆ ಬೇರೆ ಬೇರೆ ತಾಯಿಯ ಮರಿಗಳನ್ನು ಒಂದೇ ಕೋಣೆಗೆ ಬಿಟ್ಟಾಗ ಯಾರು ಮೇಲೆ, ಯಾರು ಕೆಳಗೆ ಅನ್ನುವ ಜಗಳ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೊದಲ 24ರಿಂದ 48 ಗಂಟೆ ಜೋರು ಹೊಡೆದಾಟ. ತಲೆಗೆ ತಲೆ, ಭುಜಕ್ಕೆ ಭುಜ ಒತ್ತಿ, ಕಿವಿ, ಕುತ್ತಿಗೆ ಕಚ್ಚುತ್ತವೆ. ಒಂದು ಸೋತು ತಿರುಗಿ ಓಡಿದರೆ ಅಲ್ಲಿಗೆ ಮುಗಿಯಬೇಕು. ಓಡಲು ಜಾಗ ಇಲ್ಲದಿದ್ದರೆ ಮುಗಿಯುವುದಿಲ್ಲ. ಸೋತದ್ದರ ಹಿಂಭಾಗಕ್ಕೆ ಕಡಿತ ಬೀಳುತ್ತಲೇ ಇರುತ್ತದೆ. ಎರಡು ಮೂರು ದಿನದಲ್ಲಿ ಶ್ರೇಣಿ ಗಟ್ಟಿಯಾಗಿ ಗದ್ದಲ ಇಳಿಯುತ್ತದೆ. ಆದರೆ ಕೆಳಗಿನ ಹಂದಿಗೆ ಕಾಟ ನಿಂತಿರುವುದಿಲ್ಲ. ಸದ್ದಿಲ್ಲದೆ ಗೋದಲಿಯ ಹತ್ತಿರ ಮುಂದುವರಿಯುತ್ತದೆ. ನಾವು ಹಿಡಿಯಬೇಕಿದ್ದದ್ದು ಈ ಎರಡನೆಯದನ್ನು.

ಒತ್ತಡ ಆದಾಗ ಮೈಯಲ್ಲಿ ಏರುವ ಹಾರ್ಮೋನು ಕಾರ್ಟಿಸಾಲ್, ಅದನ್ನೇ ಅಳೆದರೆ ಆಯ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹೆದರಿಕೆ ಆದಾಗ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಅನ್ನುವ ಹಾರ್ಮೋನು ಹೊರಡುತ್ತದೆ. ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೋಗಿ ಕಾರ್ಟಿಸಾಲ್ ಬಿಡಿಸುತ್ತದೆ. ಇದು ಜೊಲ್ಲಿನಲ್ಲೂ ಸಿಗುತ್ತದೆ. ಹತ್ತಿಯ ಉಂಡೆ ಕೊಟ್ಟರೆ ಹಂದಿ ಖುಷಿಯಿಂದ ಅಗಿಯುತ್ತದೆ, ಸೂಜಿ ಚುಚ್ಚುವ ಕೆಲಸವೇ ಇಲ್ಲ. ಆದರೆ ತೊಡಕುಗಳಿವೆ. ಕಾರ್ಟಿಸಾಲ್ ಬೆಳಗ್ಗೆ ಜಾಸ್ತಿ, ಸಂಜೆ ಕಡಿಮೆ. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಜೊಲ್ಲನ್ನು ಹೋಲಿಸುವಂತಿಲ್ಲ. ಮೇಲೆದ್ದು ಓಡಾಡಿದರೂ ಏರುತ್ತದೆ, ಸಂಗಾತಿ ಜೊತೆ ಸೇರುವಾಗಲೂ ಏರುತ್ತದೆ. ತಿಂಡಿ ತಿಂದ ಬಾಯಿಯ ಜೊಲ್ಲು ನಂಬುವ ಹಾಗಿಲ್ಲ. ತೆಗೆದ ಮೇಲೆ ತಣ್ಣಗಿಟ್ಟು ಲ್ಯಾಬಿಗೆ ಮುಟ್ಟಿಸಬೇಕು. ತಿಂಗಳುಗಟ್ಟಲೆ ಕಾಟ ತಿಂದ ಹಂದಿಯಲ್ಲಿ ಈ ಏರಿಳಿತವೇ ಮಂಕಾಗಬಹುದು. ಆಗ ಅಂಕಿ ಕಡಿಮೆ ಬಂತು ಅಂತ ಸಮಾಧಾನ ಪಟ್ಟರೆ ಆ ಪ್ರಾಣಿಗೆ ಅನ್ಯಾಯ ಮಾಡಿದ ಹಾಗೆ. ಕೂದಲಿನಲ್ಲೂ ಕಾರ್ಟಿಸಾಲ್ ಕೂಡಿಕೊಳ್ಳುತ್ತದೆ. ಆದರೆ ಗಂಜಲ, ಸೆಗಣಿಯಲ್ಲಿ ಮಲಗುವ ಹಂದಿಯ ಕೂದಲಿಗೆ ಹೊರಗಿನದ್ದೂ ಅಂಟಿರುತ್ತದೆ. ಹಾಗಾಗಿ ಲ್ಯಾಬ್ ಪರೀಕ್ಷೆಯನ್ನು ಬದಿಗಿಟ್ಟು, ಶೆಡ್ಡಿನಲ್ಲೇ ದಿನವೂ ನೋಡಬಹುದಾದ ನಾಲ್ಕು ವಿಷಯ ಆರಿಸಿದೆವು. ಗಾಯ, ತೂಕ, ಗೋದಲಿಗೆ ಬರುವ ಹೊತ್ತು, ಮತ್ತು ಸೆಕೆ.

ಮೊದಲು ತೂಕದ ಕಾಟಾ.

ಗಂಗಾವತಿಯಲ್ಲಿ ಕಾಟಾ ರಿಪೇರಿ ಮಾಡುವವರ ಹತ್ತಿರ ಹಳೆಯ, ಭಾರವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಲೋಡ್ ಸೆಲ್‌ಗಳು ಸಿಗುತ್ತವೆ. ಗಿರಣಿಗಳ ಕಾಟಾಗಳಲ್ಲಿ ಡಿಸ್‌ಪ್ಲೇ ಸುಟ್ಟು ಹೋಗಿರುತ್ತದೆ, ಸೆಲ್ ಇನ್ನೂ ಚೆನ್ನಾಗಿರುತ್ತದೆ. ಒಂದೇ ಕಂಪನಿಯ, ಒಂದೇ ಸಾಮರ್ಥ್ಯದ ನಾಲ್ಕು ಸೆಲ್ ಆರಿಸಿ ತಂದೆ. ತರುವ ಮುಂಚೆ ಮಲ್ಟಿಮೀಟರ್ ಹಿಡಿದು ನೋಡಬೇಕು. ಸಾಮಾನ್ಯವಾಗಿ ಕೆಂಪು, ಕಪ್ಪು ವೈರಿನ ನಡುವೆ ಸುಮಾರು 400 ಓಮ್, ಹಸಿರು, ಬಿಳಿಯ ನಡುವೆ ಸುಮಾರು 350 ಓಮ್ ಇರುತ್ತದೆ. ಕಂಪನಿಗೆ ತಕ್ಕಂತೆ ಬಣ್ಣ ಬದಲಾಗುವುದುಂಟು, ಆದ್ದರಿಂದ ಬಣ್ಣಕ್ಕಿಂತ ಓಮ್ ನಂಬಿ. ನಾಲ್ಕರಲ್ಲಿ ಒಂದರ ಓಮ್ ಬೇರೆ ಬಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

40 ಎಂಎಂ ಆಂಗಲ್‌ನಲ್ಲಿ 1.4 ಮೀಟರ್ ಉದ್ದ, 50 ಸೆಂ.ಮೀ. ಅಗಲದ ಚೌಕಟ್ಟು ವೆಲ್ಡ್ ಮಾಡಿಸಿದೆವು. ಹಂದಿ ಒಳಗೆ ಹೋಗಬೇಕು, ಆದರೆ ತಿರುಗಬಾರದು. ಅಗಲ ಜಾಸ್ತಿ ಆದರೆ ತಿರುಗಲು ಹೋಗಿ ಸಿಕ್ಕಿಕೊಳ್ಳುತ್ತದೆ. ಕೆಳಗೆ ಚೆಕ್ಕರ್ ಪ್ಲೇಟ್, ಅದರ ಮೇಲೆ ಹಸುಗಳಿಗೆ ಹಾಸುವ ರಬ್ಬರ್ ಮ್ಯಾಟ್. ಕಬ್ಬಿಣದ ಮೇಲೆ ಗೊರಸು ಜಾರಿದರೆ ಹಂದಿ ಮತ್ತೊಮ್ಮೆ ಹತ್ತುವುದೇ ಇಲ್ಲ. ಪಕ್ಕದ ಗೋಡೆಗಳನ್ನು ನೆಲಕ್ಕೆ ನಿಲ್ಲಿಸದೆ ತಟ್ಟೆಯ ಮೇಲೆಯೇ ಕೂರಿಸಬೇಕು. ಹಂದಿ ಗೋಡೆಗೆ ಒರಗುತ್ತದೆ. ಗೋಡೆ ನೆಲದ ಮೇಲಿದ್ದರೆ ಒರಗಿದಷ್ಟು ತೂಕ ನೆಲಕ್ಕೆ ಹೋಗಿಬಿಡುತ್ತದೆ.

ನಾಲ್ಕು ಸೆಲ್‌ಗಳನ್ನು ಜಂಕ್ಷನ್ ಬಾಕ್ಸಿನಲ್ಲಿ ಸೇರಿಸಿ, ಅಲ್ಲಿಂದ ಎಚ್‌ಎಕ್ಸ್711 ಬೋರ್ಡಿಗೆ (ಸೆಲ್ಲಿನ ಸಂಕೇತವನ್ನು ಅಂಕಿ ಮಾಡುವುದು), ಅಲ್ಲಿಂದ ಪುಟ್ಟ ಕಂಪ್ಯೂಟರ್ ಚಿಪ್ ಆದ ಇಎಸ್‌ಪಿ32ಗೆ ಕೊಟ್ಟೆ. 20 ಕೆ.ಜಿ.ಯ ಮುದ್ರೆ ಇರುವ ಕಬ್ಬಿಣದ ಬಟ್ಟನ್ನು ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿ, ಎಲ್ಲಿಟ್ಟರೂ ಒಂದೇ ಅಂಕಿ ಬರುವ ತನಕ ಬಾಕ್ಸಿನ ಪ್ರಿಸೆಟ್ (ಹೊಂದಿಸುವ ಪುಟ್ಟ ತಿರುಪು) ತಿರುಗಿಸಬೇಕು. ಇದಕ್ಕೆ ತಾಳ್ಮೆ ಬೇಕು, ಅವಸರ ಮಾಡಬೇಡಿ.

ಹಂದಿ ಸುಮ್ನೆ ನಿಲ್ಲುವುದಿಲ್ಲ. ಎಚ್‌ಎಕ್ಸ್711 ಸೆಕೆಂಡಿಗೆ 10 ರೀಡಿಂಗ್ ಕೊಡುತ್ತದೆ. ಹತ್ತು ಸೆಕೆಂಡಿನ ನೂರು ರೀಡಿಂಗ್ ತೆಗೆದು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ನಡುವಿನದ್ದನ್ನು ತೂಕ ಅಂತ ಬರೆದುಕೊಳ್ಳುವ ಹಾಗೆ ಕೋಡ್ ಬರೆದೆ. ಸರಾಸರಿ ತೆಗೆದರೆ ಹಂದಿ ಒಮ್ಮೆ ಎಗರಿದರೂ ಅಂಕಿ ಕೆಡುತ್ತದೆ. ನಡುವಿನ ಅಂಕಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ರೀಡಿಂಗ್‌ಗಳು ತೀರಾ ಚೆದುರಿದ್ದರೆ ಕೆಂಪು ದೀಪ ಹತ್ತುತ್ತದೆ, ಮತ್ತೆ ತೂಗಬೇಕು. ಪ್ರತಿ ಹಂದಿ ಇಳಿದ ಮೇಲೆ ಸೊನ್ನೆ ಹೊಂದಿಸಿಕೊಳ್ಳುವುದು ಕಡ್ಡಾಯ. ಮ್ಯಾಟಿನ ಮೇಲೆ ಏನು ಬಿಟ್ಟು ಹೋಗಿರುತ್ತದೋ ಅದಕ್ಕೂ ತೂಕ ಇದೆ. ಬಿಸಿಲು ಏರಿದ ಹಾಗೆ ಸೆಲ್‌ನ ಸೊನ್ನೆಯೂ ಜರುಗುತ್ತದೆ.

ತೂಗುವ ಕೆಲಸವೇ ಹಂದಿಗೆ ಹೆದರಿಕೆ ಆಗಬಾರದು. ಅದಕ್ಕೇ ಅಕ್ಕ ಮೊದಲ ಕೆಲವು ದಿನ ತೂಕ ಹಾಕದೆ, ಕಾಟಾದ ಎರಡೂ ಬಾಗಿಲು ತೆಗೆದಿಟ್ಟು ಒಳಗೆ ಸ್ವಲ್ಪ ಬೆಲ್ಲ ಇಟ್ಟರು. ಆಮೇಲೆ ತಾವಾಗಿಯೇ ಸಾಲು ನಿಂತವು. ಆ ಸಾಲಿನಲ್ಲೂ ಕೊನೆಗೆ ಬರುವುದು ಯಾವಾಗಲೂ ಅದೇ ಹಂದಿ. ಅಂಕಿ ಇಲ್ಲದೆಯೇ ಸಿಕ್ಕ ಮೊದಲ ಮಾಹಿತಿ ಅದು.

ಗೋದಲಿಯ ರೀಡರ್ ಹೆಚ್ಚು ಕೆಲಸ ಕೊಟ್ಟಿತು, ಹೆಚ್ಚು ಕಲಿಸಿದ್ದೂ ಅದೇ.

ಪ್ರತಿ ಹಂದಿಯ ಕಿವಿಗೆ 134.2 ಕಿಲೋಹರ್ಟ್ಸ್‌ನ ರೇಡಿಯೊ ಚಿಪ್ ಇರುವ ನಂಬರಿನ ಓಲೆ, ಅಂದರೆ ಪ್ರಾಣಿಗಳಿಗೆ ಅಂತಲೇ ಇರುವ ಐಎಸ್‌ಒ ಮಾದರಿಯದ್ದು. ಗೋದಲಿಯ ಮುಂದೆ ಒಂದು ಸಲಕ್ಕೆ ಒಂದೇ ತಲೆ ತೂರುವಷ್ಟು ಕಿಂಡಿ. ಕಿಂಡಿಯ ಪಕ್ಕ, ಕಿವಿ ಬರುವ ಎತ್ತರಕ್ಕೆ, ಓಲೆಯ ನಂಬರ್ ಓದುವ ರೀಡರಿನ ತಂತಿಯ ಸುರುಳಿ. ಕಿಂಡಿಗೆ ಮೊದಲಿದ್ದದ್ದು ಜಿಐ ಶೀಟ್. ಸುತ್ತ ಕಬ್ಬಿಣ ಇದ್ದರೆ ಸುರುಳಿಯ ಟ್ಯೂನಿಂಗ್ ಹೋಗುತ್ತದೆ, ಓಲೆ ಮುಟ್ಟಿಸಿದರೂ ಓದುವುದಿಲ್ಲ. ಆದ್ದರಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮು ಸೀಳಿ, ಬಿಸಿ ಮಾಡಿ ಚಪ್ಪಟೆ ಮಾಡಿ ಆ ಹಲಗೆ ಕೂರಿಸಿದೆವು. ಹಂದಿ ಕಚ್ಚಿದರೂ ಅದು ಒಡೆಯುವುದಿಲ್ಲ, ತೊಳೆಯಲೂ ಸುಲಭ.

ಆಮೇಲೂ ದಿನದ ಕೆಲವು ಹೊತ್ತು ಓದುವ ದೂರ ಅರ್ಧಕ್ಕೆ ಇಳಿಯುತ್ತಿತ್ತು. ಕಾರಣ ಅಡಾಪ್ಟರ್. ಅಗ್ಗದ ಎಸ್‌ಎಂಪಿಎಸ್ ಅಡಾಪ್ಟರ್‌ಗಳು ಹೊರಡಿಸುವ ವಿದ್ಯುತ್ ಗದ್ದಲ ಇದೇ ಫ್ರೀಕ್ವೆನ್ಸಿಯ ಆಸುಪಾಸಿನಲ್ಲಿರುತ್ತದೆ. ರೀಡರನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಬ್ಯಾಟರಿಗೆ ಸೋಲಾರ್ ಪ್ಲೇಟ್ ಕೊಟ್ಟ ಮೇಲೆ ಸರಿಹೋಯಿತು. ಕರೆಂಟ್ ಹೋದರೂ ಲೆಕ್ಕ ನಿಲ್ಲುವುದಿಲ್ಲ ಅನ್ನುವುದು ಅದರ ಜೊತೆ ಬಂದ ಲಾಭ. ಮುಂದೆ ಎರಡನೇ ಕಿಂಡಿ ಮಾಡಿದಾಗ ಎರಡು ರೀಡರ್‌ಗಳು ಒಂದಕ್ಕೊಂದು ಅಡ್ಡ ಬಂದವು. ಒಂದು ಓದುವಾಗ ಇನ್ನೊಂದು ಸುಮ್ಮನಿರುವ ಹಾಗೆ ಸರದಿ ಮಾಡಿದೆ. ಹೊತ್ತು ತಪ್ಪದಿರಲಿ ಅಂತ ಡಿಎಸ್3231 ಗಡಿಯಾರದ ಚಿಪ್ ಇದೆ.

ರೀಡರ್ ಬರೆದಿಡುವುದು ಇಷ್ಟೇ: ಯಾವ ಓಲೆ, ಯಾವಾಗ ಬಂತು, ಯಾವಾಗ ಹೋಯಿತು. ಇದರಿಂದ ಎರಡು ವಿಷಯ ತೆಗೆಯಬಹುದು. ಒಂದು, ಯಾವ ಹಂದಿ ದಿನದ ಯಾವ ಹೊತ್ತಿನಲ್ಲಿ ತಿನ್ನುತ್ತದೆ. ಎರಡು, ತಳ್ಳಾಟ. ತಿನ್ನುತ್ತಿದ್ದ ಹಂದಿ ತಲೆ ತೆಗೆದ ಕೆಲವೇ ಸೆಕೆಂಡಿನಲ್ಲಿ ಇನ್ನೊಂದರ ಓಲೆ ಕಂಡರೆ, ಹೆಚ್ಚಾಗಿ ಮೊದಲಿನದ್ದನ್ನು ನೂಕಿ ಎರಡನೆಯದು ಬಂದಿದೆ. ಹೊಟ್ಟೆ ತುಂಬಿ ತಾನಾಗಿ ಹೊರಟದ್ದೂ ಇರಬಹುದು. ಅದಕ್ಕೇ ಈ ಲೆಕ್ಕವನ್ನು ಕ್ಯಾಮೆರಾ ಜೊತೆ ತಾಳೆ ನೋಡಿ, ಎಷ್ಟು ಸೆಕೆಂಡಿನ ಗಡಿ ಇಟ್ಟರೆ ನಿಜವಾದ ನೂಕಾಟಕ್ಕೆ ಹೊಂದುತ್ತದೆ ಅಂತ ಗೊತ್ತು ಮಾಡಿಕೊಂಡೆವು. ಬೇರೆಯವರ ಗಡಿಯನ್ನು ಹಾಗೇ ಎತ್ತಿ ತಂದು ಹಾಕುವುದು ಬೇಡ. ಗೋದಲಿಯ ಆಕಾರ ಬದಲಾದರೆ ಗಡಿಯೂ ಬದಲಾಗುತ್ತದೆ.

ಕ್ಯಾಮೆರಾ ಮಾಮೂಲಿ ಸಿಸಿಟಿವಿ, 2.8 ಎಂಎಂ ಲೆನ್ಸು. ಮೂರು ಮೀಟರ್ ಎತ್ತರದಿಂದ ನೇರ ಕೆಳಕ್ಕೆ ನೋಡುತ್ತದೆ. ಕೇಬಲ್ ಎಲ್ಲ ಜಿಐ ಪೈಪಿನೊಳಗೆ. ತೌಡು ಇರುವ ಕಡೆ ಇಲಿ ಇದ್ದೇ ಇರುತ್ತವೆ, ಪಿವಿಸಿ ಪೈಪು ಅವಕ್ಕೆ ಲೆಕ್ಕಕ್ಕಿಲ್ಲ. ಹಂದಿಗಳ ಬೆನ್ನ ಮೇಲೆ ಮಾರ್ಕರಿನಲ್ಲಿ ಗುರುತು ಹಾಕಿದೆವು. ಬಣ್ಣ ನಂಬಬಾರದು, ರಾತ್ರಿ ಇನ್‌ಫ್ರಾರೆಡ್‌ನಲ್ಲಿ ಕೆಂಪು, ನೀಲಿ ಎಲ್ಲ ಒಂದೇ ಬೂದು. ಆಕಾರ ಹಾಕಬೇಕು: ಒಂದು ಗೆರೆ, ಎರಡು ಗೆರೆ, ಅಡ್ಡಗೆರೆ, ಸುತ್ತು. ಒಂದನ್ನೊಂದು ಉಜ್ಜಿಕೊಂಡು ಅಳಿಸುವುದರಿಂದ ಆಗಾಗ ಮತ್ತೆ ಬರೆಯಬೇಕು.

ಮೈಕ್ ಹಾಕಿ ಕಿರುಚಾಟ ಎಣಿಸುವ ಯೋಚನೆಯೂ ಇತ್ತು. ತಗಡಿನ ಮಾಡಿನ ಕೆಳಗೆ ಪ್ರತಿಧ್ವನಿ ಜಾಸ್ತಿ, ಯಾವ ಹಂದಿ ಕಿರುಚಿತು ಅಂತ ತಿಳಿಯುವುದಿಲ್ಲ. ನಮ್ಮ ನಿಯಮಕ್ಕೆ ಹೊಂದಲಿಲ್ಲ, ಬಿಟ್ಟೆವು.

ಗಾಯದ ಪಟ್ಟಿಗೆ ಕರೆಂಟೂ ಬೇಡ, ಚಿಪ್ಪೂ ಬೇಡ. ಒಂದು ರಟ್ಟು, ಒಂದು ಪೆನ್ನು ಸಾಕು. ಇಡೀ ಸೆಟ್ಟಿನಲ್ಲಿ ಯಾರಾದರೂ ಒಂದನ್ನೇ ಮಾಡಿಕೊಳ್ಳುವುದಾದರೆ ಇದನ್ನೇ ಮಾಡಿ ಅನ್ನುತ್ತೇನೆ. ಯುರೋಪಿನ ವೆಲ್‌ಫೇರ್ ಕ್ವಾಲಿಟಿ ಯೋಜನೆ 2009ರಲ್ಲಿ ಹೊರತಂದ ಎಣಿಕೆಯ ವಿಧಾನ ತೆಗೆದುಕೊಂಡೆವು. ಹಂದಿಯ ಒಂದು ಮಗ್ಗುಲು ಮಾತ್ರ ನೋಡಬೇಕು. ಮೈಯನ್ನು ಐದು ಭಾಗ ಮಾಡಬೇಕು: ಕಿವಿ, ತಲೆಯಿಂದ ಭುಜದವರೆಗೆ ಮುಂಭಾಗ, ನಡುಭಾಗ, ಹಿಂಭಾಗ, ಕಾಲು. 2 ಸೆಂ.ಮೀ.ಗಿಂತ ಉದ್ದದ ಗೀರು ಒಂದು ಗಾಯ. ಅರ್ಧ ಸೆಂ.ಮೀ. ಅಂತರದೊಳಗೆ ಜೋಡಿಯಾಗಿರುವ ಎರಡು ಗೀರು ಸೇರಿ ಒಂದೇ. 2ರಿಂದ 5 ಸೆಂ.ಮೀ.ಯ ರಕ್ತ ಬರುವ ಗಾಯ, ಇಲ್ಲವೇ 5 ಸೆಂ.ಮೀ. ದಾಟಿದ ಒಣಗಿದ ಗಾಯ ಐದಕ್ಕೆ ಸಮ. 5 ಸೆಂ.ಮೀ. ದಾಟಿದ ಆಳವಾದ ಹಸಿ ಗಾಯ 16ಕ್ಕೆ ಸಮ.

ಒಟ್ಟು ಎಷ್ಟು ಅನ್ನುವುದಕ್ಕಿಂತ ಗಾಯ ಎಲ್ಲಿದೆ ಅನ್ನುವುದು ಮುಖ್ಯ. ಕಿವಿ, ಕುತ್ತಿಗೆ, ಭುಜದಲ್ಲಿ ಗೀರು ತುಂಬಿದ್ದರೆ ಆ ಹಂದಿ ಎದುರು ನಿಂತು ಹೊಡೆದಾಡಿದೆ. ಹಿಂಭಾಗದಲ್ಲಿ ಇದ್ದರೆ ಓಡುವಾಗ ಕಚ್ಚಿಸಿಕೊಂಡಿದೆ. ಮೊದಲ ದಿನ ಮೈತುಂಬ ಗೀರು ಕಂಡು ನಾವೆಲ್ಲ ಅಯ್ಯೋ ಅಂದ ಹಂದಿ ಕೆಲವು ವಾರಗಳ ನಂತರ ಆರಾಮಾಗಿ ಗೋದಲಿ ಮುಂದೆ ನಿಂತಿರುತ್ತದೆ. ಮೊದಲ ದಿನ ಮೈ ನುಣ್ಣಗಿದ್ದು, ವಾರದಿಂದ ವಾರಕ್ಕೆ ಹಿಂಭಾಗದ ಎಣಿಕೆ ಇಳಿಯದ ಹಂದಿಯ ಬಗ್ಗೆಯೇ ಚಿಂತೆ ಮಾಡಬೇಕು. ಅದಕ್ಕಾಗಿ ಬೆರೆಸಿದ ಮಾರನೇ ದಿನ ಒಮ್ಮೆ, ಮೂರು ವಾರ ಬಿಟ್ಟು ಮತ್ತೊಮ್ಮೆ ಎಣಿಸುವುದು ಕಡ್ಡಾಯ ಅಂತ ಇಟ್ಟುಕೊಂಡೆವು. ನಾನೂ ಅಕ್ಕನೂ ಬೇರೆ ಬೇರೆ ನಿಂತು ಒಂದೇ ಹಂದಿಯನ್ನು ಎಣಿಸಿ, ಆಮೇಲೆ ಪಟ್ಟಿ ಕೂಡಿಸುತ್ತಿದ್ದೆವು. ಇಬ್ಬರ ಎಣಿಕೆ ಹೊಂದಿದ ಮೇಲೆಯೇ ಆ ಪಟ್ಟಿಯನ್ನು ನಂಬಿದ್ದು.

ಇನ್ನು ಸೆಕೆ. ನಮ್ಮ ಕಡೆ ಇದನ್ನು ಬಿಟ್ಟು ಹಂದಿಯ ಒತ್ತಡ ಅಳೆದರೆ ಅರ್ಥವೇ ಇಲ್ಲ. ಹಂದಿ ಮನುಷ್ಯರ ಹಾಗೆ ಬೆವರಿ ಮೈ ತಣ್ಣಗೆ ಮಾಡಿಕೊಳ್ಳಲಾರದು. ಬೆಳೆದ ಹಂದಿಗೆ 25 ಡಿಗ್ರಿ ದಾಟಿದರೇ ಕಷ್ಟ ಶುರು. ಕೊಪ್ಪಳ, ರಾಯಚೂರು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ. ಸೆಕೆಯಿಂದಲೂ ತಿನ್ನುವುದು ಕಡಿಮೆ ಆಗುತ್ತದೆ, ತೂಕ ಏರುವುದಿಲ್ಲ. ಕಾಟದಿಂದಲೂ ಅದೇ. ಎರಡನ್ನೂ ಬಿಡಿಸಿ ನೋಡದಿದ್ದರೆ ಬಿಸಿಲಿನ ತಪ್ಪನ್ನು ಜಗಳದ ಮೇಲೆ ಹಾಕಿದ ಹಾಗೆ ಆಗುತ್ತದೆ. ಶೆಡ್ಡಿನ ಅಮೋನಿಯಾದಲ್ಲಿ ಅಗ್ಗದ ತೇವಾಂಶ ಸೆನ್ಸಾರ್ ಬಾಳುವುದು ಕಷ್ಟ. ಅದಕ್ಕೆ ಎರಡು ಡಿಎಸ್18ಬಿ20 ಉಷ್ಣತೆ ಸೆನ್ಸಾರ್ ತೂಗುಹಾಕಿ, ಒಂದನ್ನು ಒಣ ಬಿಟ್ಟು, ಇನ್ನೊಂದಕ್ಕೆ ನೀರಿನಲ್ಲಿ ಅದ್ದಿದ ಹತ್ತಿ ಬತ್ತಿ ಸುತ್ತಿದೆವು. ಎರಡರ ವ್ಯತ್ಯಾಸದಿಂದ ತೇವಾಂಶ ಸಿಗುತ್ತದೆ. ಬತ್ತಿ ವಾರಕ್ಕೊಮ್ಮೆ ಬದಲಾಯಿಸಬೇಕು. ಇದರ ಜೊತೆಗೆ ಮಧ್ಯಾಹ್ನ ಮಲಗಿರುವ ಹಂದಿಯ ಪಕ್ಕೆಯ ಏರಿಳಿತ ಎಣಿಸಿ ಉಸಿರಾಟ ಬರೆದುಕೊಂಡೆವು. ನಿಮಿಷಕ್ಕೆ 40 ದಾಟಿದರೆ ಸೆಕೆ ತಾಗಿದೆ ಅಂತ ಲೆಕ್ಕ.

ನಾಲ್ಕೂ ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ಒಂದರ ಪಕ್ಕ ಒಂದು ಇಟ್ಟಾಗ ಆ ಹತ್ತನೇ ಹಂದಿ ಕಣ್ಣಿಗೆ ಬಿತ್ತು. ಬೆಳಗ್ಗೆ, ಸಂಜೆ ತಂಪು ಹೊತ್ತಿನಲ್ಲಿ ಮಿಕ್ಕವು ಗೋದಲಿ ಬಿಟ್ಟುಕೊಡುವುದಿಲ್ಲ. ಇದು ತಲೆ ತೂರಿಸಿದರೂ ಕೆಲವೇ ಸೆಕೆಂಡಿನಲ್ಲಿ ಇನ್ನೊಂದರ ಓಲೆ ಬರುತ್ತದೆ. ಕೊನೆಗೆ ಅದು ನೆಮ್ಮದಿಯಾಗಿ ತಿನ್ನುವುದು ನಡುಮಧ್ಯಾಹ್ನ, ಎಲ್ಲವೂ ಒದ್ದೆ ನೆಲದ ಮೇಲೆ ಮಲಗಿದಾಗ. ತಿಂದದ್ದು ಅರಗುವಾಗ ಮೈಯಲ್ಲಿ ಮತ್ತಷ್ಟು ಶಾಖ ಹುಟ್ಟುತ್ತದೆ. ಉಸಿರಾಟದ ಎಣಿಕೆ ಅದರದ್ದೇ ಎಲ್ಲಕ್ಕಿಂತ ಮೇಲೆ. ಮಿಕ್ಕವು ಅರ್ಧ ಸೆಕೆ ತಪ್ಪಿಸಿಕೊಂಡರೆ, ಇದು ಜಗಳದ ಕಾರಣಕ್ಕೇ ಸೆಕೆಯ ಪಾಲನ್ನೂ ತಿನ್ನುತ್ತಿತ್ತು. ಇದನ್ನು ನೋಡಿದ ದಿನ ಮನಸ್ಸಿಗೆ ತುಂಬ ಕಸಿವಿಸಿಯಾಯಿತು. ಕೋಣೆಯ ಸರಾಸರಿ ತೂಕ ಆ ವಾರವೂ ಚೆನ್ನಾಗಿಯೇ ಇತ್ತು.

ಮಾವನ ಜೊತೆ ಕೂತು ಬದಲಾವಣೆ ಯೋಚಿಸಿದೆವು. 3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆ ಅದು. ತಲೆಗೆ 1.2 ಚದರ ಮೀಟರ್ ಬೀಳುತ್ತದೆ. 85ರಿಂದ 110 ಕೆ.ಜಿ. ಹಂದಿಗೆ ಯುರೋಪಿನ ಕಾನೂನು ಕೇಳುವುದು ಕನಿಷ್ಠ 0.65. ಅಂದರೆ ಜಾಗದ ಕೊರತೆ ಇರಲಿಲ್ಲ, ಮರೆಯ ಕೊರತೆ ಇತ್ತು. ಒಂದೇ ಗೋದಲಿ ಬದಲು ಎದುರು ಬದಿಯಲ್ಲಿ ಇನ್ನೊಂದು ಇಟ್ಟೆವು. ಕೋಣೆಯ ನಡುವೆ ಒಂದು ಮೀಟರ್ ಎತ್ತರದ ಗಟ್ಟಿ ಅಡ್ಡಗೋಡೆ ಕಟ್ಟಿದೆವು. ಎರಡೂ ತುದಿಯಲ್ಲಿ ದಾರಿ ಬಿಟ್ಟೆವು, ಒಂದೇ ದಾರಿ ಇದ್ದರೆ ಓಡಿದ ಹಂದಿ ಮೂಲೆಗೆ ಸಿಕ್ಕಿಬೀಳುತ್ತದೆ. ಕಂಬಿ ಹಾಕಿದರೆ ಆಗುವುದಿಲ್ಲ, ಕಣ್ಣಿಗೆ ಕಾಣುತ್ತಿದ್ದರೆ ಅಟ್ಟಿಸಿಕೊಂಡು ಬರುತ್ತವೆ. ಸೋತ ಹಂದಿ ಗೋಡೆ ಸುತ್ತಿ ಆಚೆ ಹೋದರೆ ಗೆದ್ದದ್ದು ಅಲ್ಲಿಗೇ ಬಿಡುತ್ತದೆ.

ಪಕ್ಕದ ಕೋಣೆಯನ್ನು ಮೊದಲಿನ ಹಾಗೇ ಬಿಟ್ಟು ಎರಡರಲ್ಲೂ ಅಳೆದೆವು. ಮುಂದಿನ ಬ್ಯಾಚಿಗೆ ಕೋಣೆ ಅದಲುಬದಲು ಮಾಡಿದೆವು, ಬಿಸಿಲು ಬೀಳುವ ಕಡೆಯಿಂದ ಬಂದ ವ್ಯತ್ಯಾಸ ಇರಬಾರದಲ್ಲ. ಗೋಡೆ ಇದ್ದ ಕಡೆ ಮೊದಲ ದಿನದ ಹೊಡೆದಾಟ ಏನೂ ನಿಲ್ಲಲಿಲ್ಲ. ಮುಂಭಾಗದ ಗೀರು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಮೂರು ವಾರದ ಎಣಿಕೆಯಲ್ಲಿ ಹಿಂಭಾಗದ ಗಾಯ ಮಾತ್ರ ಚೆನ್ನಾಗಿ ಇಳಿದಿತ್ತು. ನಡುಮಧ್ಯಾಹ್ನದ ಊಟ ಕಡಿಮೆಯಾಗಿ ಕೊನೆಯ ಹಂದಿಯೂ ಬೆಳಗಿನ ಹೊತ್ತಿಗೆ ಬರತೊಡಗಿತು. ತೂಕದಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಇದ್ದ ಅಂತರ ಕಿರಿದಾಯಿತು. ನಮ್ಮದು ಎರಡು ಕೋಣೆಯ ಲೆಕ್ಕ, ಇದರ ಮೇಲೆ ದೊಡ್ಡ ಮಾತು ಆಡಲಾರೆ. ಆದರೆ ಮಾವ ಉಳಿದ ಕೋಣೆಗಳಿಗೂ ಇಟ್ಟಿಗೆ ತರಿಸಿದ್ದಾರೆ.

ರಿಪೇರಿಯ ವಿಷಯ. ಎಚ್‌ಎಕ್ಸ್711 ಬೋರ್ಡಿನ ಕಾಲುಗಳಲ್ಲಿ ಹಸಿರು ಕಿಲುಬು ಹಿಡಿದು ಅಂಕಿ ಕುಣಿಯತೊಡಗಿತು. ಸ್ಪಿರಿಟ್‌ನಿಂದ ತೊಳೆದು, ಹೊಸದಾಗಿ ಬೆಸುಗೆ ಹಾಕಿ, ಬೋರ್ಡಿಗೆ ಪೂರ್ತಿ ವಾರ್ನಿಷ್ ಬಳಿದು, ರಬ್ಬರ್ ಗ್ಯಾಸ್ಕೆಟ್ ಇರುವ ಡಬ್ಬಿಗೆ ಹಾಕಿದೆ. ಕೇಬಲ್ ಡಬ್ಬಿಯ ಕೆಳಗಿನಿಂದ ಒಳಬರಬೇಕು. ಮೇಲಿನಿಂದ ಬಂದರೆ ಶೆಡ್ ತೊಳೆಯುವ ನೀರು ತಂತಿ ಹಿಡಿದು ಒಳಗೆ ಇಳಿಯುತ್ತದೆ. ಓಲೆಗಳನ್ನು ಪಕ್ಕದ ಹಂದಿಗಳು ಅಗಿದು ಕಿತ್ತದ್ದುಂಟು. ಬಿದ್ದ ಓಲೆಯ ನಂಬರನ್ನು ಇನ್ನೊಂದು ಹಂದಿಗೆ ಹಾಕಬೇಡಿ, ಹಳೆ ಲೆಕ್ಕ ಕಲಸಿಹೋಗುತ್ತದೆ.

ಈ ಕಾಟಾ ಒಂದು ವಾರ ಕೊಡಿ ಅಂತ ಸಿಂಧನೂರು ಕಡೆಯ ಸಾಕಣೆಯವರು ಕೇಳಿದ್ದರು. ಕೊಡಲಿಲ್ಲ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಮೊದಲು ಕಾಣಿಸಿಕೊಂಡ ಮೇಲೆ ದೇಶದ ಬೇರೆ ಕಡೆಗಳಿಗೂ ಹರಡಿದೆ. ಅದಕ್ಕೆ ಔಷಧಿ ಇಲ್ಲ. ಬೂಟು, ಗಾಡಿ, ಸಲಕರಣೆಗೆ ಅಂಟಿದ ಕೊಳೆಯಿಂದಲೂ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ದಾಟುತ್ತದೆ. ಹಂದಿ ಹತ್ತಿ ಇಳಿದ ರಬ್ಬರ್ ಮ್ಯಾಟನ್ನು ಎಷ್ಟು ತೊಳೆದರೂ ನನಗೆ ಧೈರ್ಯ ಬರುವುದಿಲ್ಲ. ಅವರಿಗೆ ಚೌಕಟ್ಟಿನ ಅಳತೆ, ಕೋಡ್, ಗಾಯದ ಪಟ್ಟಿಯ ರಟ್ಟಿನ ಫೋಟೋ ಕಳಿಸಿದ್ದೇನೆ. ಆಂಗಲ್ ಕತ್ತರಿಸಿ ವೆಲ್ಡ್ ಮಾಡುವವರು ಸಿಂಧನೂರಿನಲ್ಲೇ ಇದ್ದಾರೆ. ಲೋಡ್ ಸೆಲ್ ಆರಿಸುವ ದಿನ ಮಲ್ಟಿಮೀಟರ್ ಹಿಡಿದು ನಾನೂ ಅಂಗಡಿಗೆ ಬರುತ್ತೇನೆ ಅಂತ ಹೇಳಿದ್ದೇನೆ.